ಮಹಿಳೆಯರು ಮತ್ತು ಅಲ್ಪಸಂಖ್ಯಾತರು ಸಣ್ಣ ಉದ್ಯಮಕ್ಕೆ ಸಾಲ, ಸಹಾಯಧನ ಪಡೆಯುವ ಬಗೆ: ಯಾವ ಹೆಜ್ಜೆ ಮೊದಲು, ಯಾವುದು ನಂತರ

‘ಅರ್ಜಿ ಹಾಕಿ ಆರು ತಿಂಗಳಾಯಿತು. ಸರ್ಕಾರದ ಅಭಿವೃದ್ಧಿ ನಿಗಮದವರು ಬ್ಯಾಂಕಿಗೆ ಹೋಗಿ ಎನ್ನುತ್ತಾರೆ, ಬ್ಯಾಂಕಿನವರು ನಿಗಮಕ್ಕೆ ಹೋಗಿ ಎನ್ನುತ್ತಾರೆ.’ ಕರ್ನಾಟಕದಲ್ಲಿ ಸ್ವಂತ ಉದ್ಯಮಕ್ಕೆ ಹಣ ಹುಡುಕುತ್ತಿರುವ ಮಹಿಳೆಯರಿಂದಲೂ ಅಲ್ಪಸಂಖ್ಯಾತ ಸಮುದಾಯಗಳ ಯುವಕರಿಂದಲೂ ಹೆಚ್ಚು ಕೇಳಿಬರುವ ದೂರು ಇದೇ. ಇಂಥವರ ಕಡತಗಳನ್ನು ಬಿಡಿಸಿ ನೋಡಿದರೆ ಅರ್ಹತೆಯ ಕೊರತೆಗಿಂತ ಕ್ರಮದ ತಪ್ಪೇ ಹೆಚ್ಚಾಗಿ ಕಾಣುತ್ತದೆ. ಮೊದಲು ಯೋಜನೆಯ ಹೆಸರು ಹಿಡಿದು, ಅದರ ಸಹಾಯಧನಕ್ಕೆ ತಕ್ಕಂತೆ ಮೊತ್ತ ಬರೆದು, ಅರ್ಜಿ ಹಾಕಿ, ಕೊನೆಗೆ ಬ್ಯಾಂಕಿನ ಬಾಗಿಲು ತಟ್ಟಲಾಗುತ್ತದೆ. ಆದರೆ ಹೆಚ್ಚಿನ ಸರ್ಕಾರಿ ಯೋಜನೆಗಳಲ್ಲಿ ಸಹಾಯಧನ ಸಾಲದ ಬೆನ್ನಿಗೆ ಬರುತ್ತದೆಯೇ ಹೊರತು ಸಾಲಕ್ಕಿಂತ ಮುಂದೆ ಬರುವುದಿಲ್ಲ. ಸಾಲ ಕೊಡುವ ಶಾಖೆ ಒಪ್ಪದಿದ್ದರೆ ಶೇ 35ರ ಸಹಾಯಧನವೂ ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮುಗಿಸುವುದು ಒಳ್ಳೆಯದು.

## ಆರಂಭಿಸುವ ಮುನ್ನ ಕೈಯಲ್ಲಿರಬೇಕಾದವು

ಆಧಾರ್, ಪ್ಯಾನ್, ಪಡಿತರ ಚೀಟಿ, ಕಳೆದ ಒಂದು ವರ್ಷದ ಬ್ಯಾಂಕ್ ವಹಿವಾಟಿನ ಪ್ರತಿ, ಶಾಲಾ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಉದ್ಯಮ ನಡೆಸುವ ಜಾಗದ ಖಾತೆ ಪತ್ರ ಅಥವಾ ಬಾಡಿಗೆ ಕರಾರು. ಇವೆಲ್ಲ ಒಂದೇ ಕಡತದಲ್ಲಿರಲಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು ಮತ್ತು ಆ ಮೊಬೈಲ್ ಅರ್ಜಿದಾರರ ಕೈಯಲ್ಲೇ ಇರಬೇಕು. ಮಗನ ಅಥವಾ ಗಂಡನ ಸಂಖ್ಯೆಯನ್ನು ಜೋಡಿಸಿದ್ದರೆ ಅರ್ಜಿಯ ಪ್ರತಿ ಹಂತದಲ್ಲೂ ಅವರ ದಾರಿ ಕಾಯಬೇಕಾಗುತ್ತದೆ.

ಇವುಗಳ ಜೊತೆ ಪುಟಕ್ಕೆ ಎರಡು ಕಾಲಂ ಇರುವ ಒಂದು ನೋಟ್‌ಬುಕ್ ಬೇಕು. ಅದರ ಅಗತ್ಯ ಮೊದಲ ಹಂತದಲ್ಲೇ ಬೀಳುತ್ತದೆ.

## ಹಂತ 1: ಎಷ್ಟು ಹಣ ಬೇಕು ಎಂಬುದನ್ನು ಯೋಜನೆ ನೋಡದೆ ಲೆಕ್ಕ ಹಾಕಿ

‘ಎಷ್ಟು ಸಿಗುತ್ತದೋ ಅಷ್ಟು’ ಎಂಬ ಉತ್ತರ ಬ್ಯಾಂಕಿನಲ್ಲಿ ಅರ್ಜಿಯನ್ನು ಅಲ್ಲಿಯೇ ಮುಗಿಸಿಬಿಡುತ್ತದೆ. ಬೇಕಾದ ಮೊತ್ತದಲ್ಲಿ ಎರಡು ಭಾಗಗಳಿರುತ್ತವೆ. ಒಂದು ಯಂತ್ರ, ವಿದ್ಯುತ್ ಜೋಡಣೆ, ಪೀಠೋಪಕರಣಗಳಂತಹ ಒಮ್ಮೆ ಮಾಡುವ ಖರ್ಚು. ಇನ್ನೊಂದು ಕಚ್ಚಾ ಸಾಮಗ್ರಿ, ಕೂಲಿ, ಬಾಡಿಗೆಗೆಂದು ಸುತ್ತುತ್ತಲೇ ಇರುವ ದುಡಿಯುವ ಬಂಡವಾಳ. ಎರಡನೆಯದನ್ನು ಮರೆತವರೇ ಹೆಚ್ಚು. ಯಂತ್ರ ಬಂದು ಕುಳಿತ ಮೇಲೆ ಹಿಟ್ಟು ಕೊಳ್ಳಲು ಹಣವಿಲ್ಲದೆ ಚಿನ್ನ ಅಡವಿಡುವ ಪ್ರಸಂಗ ಹುಟ್ಟುವುದು ಇಲ್ಲಿಂದಲೇ.

ಒಂದು ಕಾಲ್ಪನಿಕ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಹಳ್ಳಿಯೊಂದರಲ್ಲಿ ಯಂತ್ರದ ನೆರವಿನಿಂದ ಜೋಳದ ರೊಟ್ಟಿ ಮಾಡುವ ಘಟಕ ಎಂದಿಟ್ಟುಕೊಳ್ಳಿ. ಯಂತ್ರಗಳಿಗೆ 3.2 ಲಕ್ಷ, ವಿದ್ಯುತ್ ಮತ್ತು ಕೋಣೆಯ ದುರಸ್ತಿಗೆ 40 ಸಾವಿರ, ಮೇಜು, ತಕ್ಕಡಿ, ಪ್ಯಾಕಿಂಗ್ ಸಲಕರಣೆಗೆ 20 ಸಾವಿರ, ದುಡಿಯುವ ಬಂಡವಾಳ 1.2 ಲಕ್ಷ, ಒಟ್ಟು 5 ಲಕ್ಷ ರೂಪಾಯಿ. ದಿನಕ್ಕೆ 1,000 ರೊಟ್ಟಿ, ತಲಾ 5 ರೂಪಾಯಿಯಂತೆ ಮಾರಿದರೆ 5,000 ರೂಪಾಯಿ ಬರುತ್ತದೆ. ಕಿಲೋಗೆ 45 ರೂಪಾಯಿಯಂತೆ 50 ಕಿಲೋ ಹಿಟ್ಟಿಗೆ 2,250, ಮೂವರ ಕೂಲಿ 1,200, ಉರುವಲು ಮತ್ತು ವಿದ್ಯುತ್ 400, ಪ್ಯಾಕಿಂಗ್ ಮತ್ತು ಸಾಗಣೆ 350, ಹೀಗೆ 4,200 ಖರ್ಚಾಗಿ ದಿನಕ್ಕೆ 800 ಉಳಿಯುತ್ತದೆ. ತಿಂಗಳಿಗೆ 25 ದಿನ ಕೆಲಸವೆಂದರೆ 20,000. ಬಾಡಿಗೆ 3,000 ಕಳೆದರೆ 17,000.

ಈಗ ಅದೇ ಲೆಕ್ಕವನ್ನು 700 ರೊಟ್ಟಿಗೆ ಹಾಕಿ. ಆದಾಯ 3,500ಕ್ಕೆ ಇಳಿಯುತ್ತದೆ, ಹಿಟ್ಟಿನ ಖರ್ಚು 1,575ಕ್ಕೆ ಇಳಿಯುತ್ತದೆ, ಆದರೆ ಕೂಲಿ 1,200 ಹಾಗೆಯೇ ನಿಲ್ಲುತ್ತದೆ. ಉರುವಲಿಗೆ 300, ಪ್ಯಾಕಿಂಗ್‌ಗೆ 250 ಎಂದರೂ ದಿನಕ್ಕೆ ಉಳಿಯುವುದು 175 ರೂಪಾಯಿ ಮಾತ್ರ. ತಿಂಗಳ ಬಾಡಿಗೆ ಕಳೆದರೆ ಕೈಯಲ್ಲಿರುವುದು 1,375. ಮಾರಾಟ ಶೇ 30ರಷ್ಟು ಕುಸಿದರೆ ಲಾಭ ಶೇ 90ಕ್ಕೂ ಹೆಚ್ಚು ಕುಸಿಯುತ್ತದೆ ಎಂಬುದನ್ನು ಅರ್ಜಿದಾರರು ಸಾಲ ಸಿಗುವ ಮೊದಲೇ ಕಂಡಿರಬೇಕು. ನೋಟ್‌ಬುಕ್ಕಿನ ಎಡ ಕಾಲಂನಲ್ಲಿ ‘ಅಂದುಕೊಂಡಂತೆ ನಡೆದರೆ’, ಬಲ ಕಾಲಂನಲ್ಲಿ ‘ಶೇ 30ರಷ್ಟು ಕಡಿಮೆ ಮಾರಾಟವಾದರೆ’ ಎಂದು ಬರೆದುಕೊಳ್ಳಿ. ಬಲ ಕಾಲಂನಲ್ಲೂ ಕಂತು ಕಟ್ಟಲು ಸಾಧ್ಯವಾಗುವ ಮೊತ್ತಕ್ಕೆ ಸಾಲವನ್ನು ಇಳಿಸಬೇಕು, ಅಥವಾ ಕಡಿಮೆ ಮಾರಾಟದ ತಿಂಗಳುಗಳಿಗೆ ಬೇರೆ ಆದಾಯವನ್ನು ತೋರಿಸಬೇಕು.

## ಹಂತ 2: ಹಳೆಯ ಸಾಲದ ದಾಖಲೆಯನ್ನು ನೀವೇ ಮೊದಲು ನೋಡಿ

ಅರ್ಜಿ ಕೈಗೆತ್ತಿಕೊಂಡ ವ್ಯವಸ್ಥಾಪಕರು ಮೊದಲು ತೆಗೆಯುವುದು ಕ್ರೆಡಿಟ್ ವರದಿಯನ್ನು. ಆಡುಮಾತಿನಲ್ಲಿ ಎಲ್ಲರೂ ಇದನ್ನು ‘ಸಿಬಿಲ್’ ಎನ್ನುತ್ತಾರಾದರೂ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳಿವೆ. ಪ್ರತಿ ಸಂಸ್ಥೆಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅಂಕ 300ರಿಂದ 900ರ ನಡುವೆ ಇರುತ್ತದೆ. ಅಂಕಕ್ಕಿಂತ ಒಳಗಿನ ಸಾಲುಗಳನ್ನು ಓದುವುದು ಮುಖ್ಯ.

ಮಹಿಳೆಯರ ವರದಿಯಲ್ಲಿ ಮೂರು ಕಡೆ ತೊಡಕು ಅಡಗಿರುತ್ತದೆ. ಮೊದಲನೆಯದು ಗುಂಪಿನ ಮೂಲಕ ಪಡೆದ ಕಿರು ಸಾಲ. ಮೈಕ್ರೋಫೈನಾನ್ಸ್ ಸಂಸ್ಥೆಗಳ ಸಾಲವೂ ಸದಸ್ಯೆಯ ಹೆಸರಿನಲ್ಲೇ ದಾಖಲಾಗುತ್ತದೆ. ಒಂದು ಕಂತು ತಡವಾದರೂ ಅದು ವರ್ಷಗಟ್ಟಲೆ ಕಾಣುತ್ತದೆ. ಎರಡನೆಯದು ಜಾಮೀನು. ಬಂಧುಗಳ ಸಾಲಕ್ಕೆ ಸಹಿ ಹಾಕಿದ್ದು ಮರೆತೇ ಹೋಗಿದ್ದರೂ ಅವರ ಸುಸ್ತಿ, ಅಂದರೆ ಕಟ್ಟದೆ ಉಳಿಸಿದ ಬಾಕಿ, ನಿಮ್ಮ ವರದಿಯಲ್ಲಿ ನಿಂತಿರುತ್ತದೆ. ಮೂರನೆಯದು ‘ಸೆಟಲ್ಡ್’ ಎಂಬ ಪದ. ಬಾಕಿಯಲ್ಲಿ ಸ್ವಲ್ಪ ಬಿಟ್ಟು ಮುಗಿಸಿದ ಸಾಲವನ್ನು ಹೀಗೆ ನಮೂದಿಸುತ್ತಾರೆ, ಬ್ಯಾಂಕು ಇದನ್ನು ಪೂರ್ಣ ತೀರಿದ ಸಾಲವೆಂದು ಪರಿಗಣಿಸುವುದಿಲ್ಲ.

ತಪ್ಪು ನಮೂದು ಕಂಡರೆ ಆ ಸಂಸ್ಥೆಯ ಜಾಲತಾಣದಲ್ಲೇ ತಕರಾರು ದಾಖಲಿಸಬೇಕು. ತಿದ್ದುಪಡಿಗೆ ವಾರಗಳು ಹಿಡಿಯುವುದರಿಂದ ಈ ಕೆಲಸ ಅರ್ಜಿಗಿಂತ ಮುಂಚೆ ಆಗಬೇಕು. ಸಾಲವನ್ನೇ ಪಡೆಯದವರಿಗೆ ಅಂಕ ಇರುವುದಿಲ್ಲ. ಅದು ದೋಷವಲ್ಲ, ಆದರೆ ಖಾತೆಯಲ್ಲಿ ನಿಯಮಿತ ವಹಿವಾಟು ಕಾಣಿಸುವ ಹೊಣೆ ಆಗ ಹೆಚ್ಚುತ್ತದೆ.

## ಹಂತ 3: ಎಲ್ಲ ಕಾಗದಗಳಲ್ಲೂ ಹೆಸರು ಒಂದೇ ಇರಲಿ, ಉದ್ಯಮ ನಿಮ್ಮದೇ ಇರಲಿ

ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಿದ ಹೆಸರು, ಶಾಲಾ ದಾಖಲೆಯಲ್ಲಿ ತಂದೆಯ ಇನಿಷಿಯಲ್, ಪ್ಯಾನ್‌ನಲ್ಲಿ ಮೂರನೆಯ ಕಾಗುಣಿತ: ಇದೊಂದೇ ಕಾರಣಕ್ಕೆ ಆನ್‌ಲೈನ್ ಅರ್ಜಿಗಳು ಮುಂದೆ ಸಾಗದೆ ನಿಲ್ಲುತ್ತವೆ. ಮುಸ್ಲಿಂ ಮತ್ತು ಕ್ರೈಸ್ತ ಹೆಸರುಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಬರೆಯುವಾಗ ಒಂದೊಂದು ಕಚೇರಿಯಲ್ಲಿ ಒಂದೊಂದು ರೂಪ ಬರುವುದು ಮಾಮೂಲು. ಆಧಾರ್ ಮತ್ತು ಪ್ಯಾನ್ ಅನ್ನು ಮೊದಲು ಹೊಂದಿಸಿ, ಉಳಿದವುಗಳನ್ನು ಅವಕ್ಕೆ ತಕ್ಕಂತೆ ತಿದ್ದಿಸಿಕೊಳ್ಳಿ.

ನಂತರ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ನೋಂದಣಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿ ಸಂಪೂರ್ಣ ಉಚಿತ, ಸ್ವಯಂ ಘೋಷಣೆಯ ಮೇಲೆ ನಡೆಯುವಂಥದ್ದು. ಇದಕ್ಕೆ ಶುಲ್ಕ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಅರ್ಜಿಯಲ್ಲಿ ಲಿಂಗ ಮತ್ತು ಸಾಮಾಜಿಕ ವರ್ಗವನ್ನು ತುಂಬುವ ಜಾಗಗಳಲ್ಲಿ ಎಚ್ಚರವಿರಲಿ. ಮುಂದೆ ವಿಶೇಷ ವರ್ಗದ (ಮಹಿಳೆಯರು, ಅಲ್ಪಸಂಖ್ಯಾತರು ಮುಂತಾದವರ) ಲಾಭ ಕೇಳುವಾಗ ಬ್ಯಾಂಕು ಇದನ್ನೂ ತಾಳೆ ನೋಡುತ್ತದೆ. ಈಗಾಗಲೇ ನಡೆಯುತ್ತಿರುವ ಉದ್ಯಮಕ್ಕೆ ಪಂಚಾಯಿತಿ ಅಥವಾ ನಗರಸಭೆಯ ವ್ಯಾಪಾರ ಪರವಾನಗಿ, ಆಹಾರ ಪದಾರ್ಥವಾದರೆ ಆಹಾರ ಸುರಕ್ಷತೆಯ ನೋಂದಣಿಯೂ ಬೇಕು.

ಮಾಲೀಕತ್ವದ ವಿಷಯದಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಗಂಡನ ಅಂಗಡಿಗೆ ಹೆಂಡತಿಯ ಹೆಸರಿನಲ್ಲಿ ಸಾಲ ತೆಗೆಯುವ ಉಪಾಯವನ್ನು ಊರಿಗೊಬ್ಬರು ಹೇಳಿಕೊಡುತ್ತಾರೆ. ವ್ಯವಸ್ಥಾಪಕರು ಹಿಟ್ಟಿನ ದರ ಕೇಳಿದಾಗ ಅರ್ಜಿದಾರರು ಪಕ್ಕದಲ್ಲಿ ಕುಳಿತವರ ಮುಖ ನೋಡಿದರೆ ಆ ಅರ್ಜಿ ಅಲ್ಲಿಗೆ ಮುಗಿಯಿತು. ಒಂದು ವೇಳೆ ಮಂಜೂರಾದರೂ ಸುಸ್ತಿಯಾದಾಗ ನೋಟಿಸ್ ಬರುವುದು, ಕ್ರೆಡಿಟ್ ವರದಿ ಕೆಡುವುದು ಸಹಿ ಹಾಕಿದವರದ್ದೇ. ಪಾಲುದಾರಿಕೆ ಅಥವಾ ಕಂಪನಿಯಾದರೆ ಮಹಿಳೆಯ ಪಾಲು ಕನಿಷ್ಠ ಶೇ 51 ಇರಬೇಕೆಂಬ ಷರತ್ತನ್ನು ಸಾಮಾನ್ಯವಾಗಿ ಕೇಳುತ್ತಾರೆ. ಪಾಲುದಾರಿಕೆ ಪತ್ರ ಬರೆಸುವಾಗಲೇ ಇದನ್ನು ನೋಡಿಕೊಳ್ಳಿ.

## ಹಂತ 4: ಮೊತ್ತಕ್ಕೆ ತಕ್ಕ ಯೋಜನೆ ಆರಿಸಿ

ಇಲ್ಲಿ ಅವಸರ ಬೇಡ. ಒಂದೇ ಘಟಕಕ್ಕೆ ಎರಡು ಯೋಜನೆಗಳ ಸಹಾಯಧನ ಸಿಗುವುದಿಲ್ಲವಾದ್ದರಿಂದ ಸಣ್ಣ ಸಹಾಯಧನ ಪಡೆದು ದೊಡ್ಡದನ್ನು ಕಳೆದುಕೊಳ್ಳುವ ಸಾಧ್ಯತೆಯಿದೆ. ಮಹಿಳೆ ಮತ್ತು ಅಲ್ಪಸಂಖ್ಯಾತೆ ಎರಡೂ ಆಗಿದ್ದರೆ ಎರಡು ಪಟ್ಟು ಸಿಗುತ್ತದೆ ಎಂಬ ನಂಬಿಕೆಯೂ ಇದೆ. ಎರಡೂ ‘ವಿಶೇಷ ವರ್ಗ’ ಎಂಬ ಒಂದೇ ಗುಂಪಿಗೆ ಸೇರುವುದರಿಂದ ದರ ಕೂಡಿಕೆಯಾಗುವುದಿಲ್ಲ.

50 ಸಾವಿರದೊಳಗೆ. ಅಲ್ಪಸಂಖ್ಯಾತರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಶ್ರಮಶಕ್ತಿ’ ಯೋಜನೆ ಈ ಗಾತ್ರದ್ದು. 50 ಸಾವಿರದವರೆಗಿನ ಸಾಲದಲ್ಲಿ ಅರ್ಧವನ್ನು ಅವಧಿಯೊಳಗೆ ತೀರಿಸಿದವರಿಗೆ ಉಳಿದರ್ಧ ಸಹಾಯಧನವಾಗುತ್ತದೆ. ಅಂದರೆ ಸಹಾಯಧನ ಮೊದಲೇ ಕೈಗೆ ಬರುವುದಿಲ್ಲ, ಕಂತು ತಪ್ಪಿಸಿದವರಿಗೆ ಅದು ದಕ್ಕುವುದೂ ಇಲ್ಲ. ಮುಸ್ಲಿಂ, ಕ್ರೈಸ್ತ, ಜೈನ, ಬೌದ್ಧ, ಸಿಖ್, ಪಾರ್ಸಿ ಸಮುದಾಯಗಳು ಅಲ್ಪಸಂಖ್ಯಾತರ ಪಟ್ಟಿಯಲ್ಲಿವೆ. ನಿಗಮದಲ್ಲಿ ಬ್ಯಾಂಕ್ ಸಹಯೋಗದ ಸ್ವಯಂ ಉದ್ಯೋಗ ಯೋಜನೆಯೂ ವಾಹನ ಖರೀದಿಗೆ ಸಹಾಯಧನವೂ ಇವೆ. ಇವುಗಳಿಗೆ ವರ್ಷಕ್ಕೊಮ್ಮೆ, ಕೊನೆಯ ದಿನಾಂಕ ಗೊತ್ತುಮಾಡಿ ಅರ್ಜಿ ಕರೆಯುತ್ತಾರೆ. ಗುರಿ ಜಿಲ್ಲಾವಾರು ಹಂಚಿಕೆಯಾಗಿರುವುದರಿಂದ ಪ್ರಕಟಣೆ ಬಂದ ಮೇಲೆ ಕಾಗದ ಹುಡುಕಲು ಹೊರಟವರಿಗೆ ಸಮಯ ಸಾಲುವುದಿಲ್ಲ.

3 ಲಕ್ಷದೊಳಗೆ, ಮಹಿಳೆಯರಿಗೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ‘ಉದ್ಯೋಗಿನಿ’ಗೆ 18ರಿಂದ 55 ವರ್ಷದ ಮಹಿಳೆಯರು ಅರ್ಹರು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50, ಇತರರಿಗೆ ಶೇ 30 ಅಥವಾ ಗರಿಷ್ಠ 90 ಸಾವಿರ ರೂಪಾಯಿ ಸಹಾಯಧನ. ಕುಟುಂಬದ ವಾರ್ಷಿಕ ಆದಾಯದ ಮಿತಿ ಕ್ರಮವಾಗಿ 2 ಲಕ್ಷ ಮತ್ತು 1.5 ಲಕ್ಷ. ಅರ್ಜಿಯನ್ನು ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಹಾಕಬೇಕು. ನಿಗಮ ಆಯ್ಕೆ ಮಾಡುತ್ತದೆ, ಸಾಲ ಕೊಡುವುದು ಬ್ಯಾಂಕು. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದದ್ದನ್ನೇ ಮಂಜೂರಾತಿ ಎಂದು ತಿಳಿದು ಯಂತ್ರಕ್ಕೆ ಮುಂಗಡ ಕೊಟ್ಟವರಿದ್ದಾರೆ. ಹಾಗೆ ಮಾಡಬೇಡಿ.

ಸಹಾಯಧನವಿಲ್ಲದೆ, ಬೇಗ ಬೇಕೆಂದರೆ. ಮುದ್ರಾ ಸಾಲ. ಶಿಶು ವಿಭಾಗದಲ್ಲಿ 50 ಸಾವಿರದವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ತರುಣದಲ್ಲಿ 10 ಲಕ್ಷದವರೆಗೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ. ಅಡಮಾನ ಕೇಳುವಂತಿಲ್ಲ. ಇಲ್ಲಿ ಸಹಾಯಧನ ಇಲ್ಲವೇ ಇಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಬೇಕು. ‘ಮುದ್ರಾ ಸಬ್ಸಿಡಿ’ ಎಂದು ಯಾರಾದರೂ ಹೇಳಿದರೆ ಅವರ ಜೊತೆ ಮಾತು ನಿಲ್ಲಿಸುವುದೇ ಲೇಸು.

ಹೊಸ ಘಟಕ, ದೊಡ್ಡ ಮೊತ್ತ. ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿ. ತಯಾರಿಕೆಗೆ 50 ಲಕ್ಷ, ಸೇವಾ ಉದ್ಯಮಕ್ಕೆ 20 ಲಕ್ಷದವರೆಗಿನ ಯೋಜನಾ ವೆಚ್ಚ. ಮಹಿಳೆಯರು, ಅಲ್ಪಸಂಖ್ಯಾತರು, ಹಿಂದುಳಿದ ವರ್ಗದವರು, ಪರಿಶಿಷ್ಟರು ವಿಶೇಷ ವರ್ಗಕ್ಕೆ ಸೇರುತ್ತಾರೆ: ಸ್ವಂತ ವಂತಿಕೆ ಶೇ 5, ಸಹಾಯಧನ ಹಳ್ಳಿಯಲ್ಲಿ ಶೇ 35, ನಗರದಲ್ಲಿ ಶೇ 25. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ಮೀರಿದರೆ ಎಂಟನೇ ತರಗತಿ ಪಾಸಾಗಿರಬೇಕು. ಗಂಡ ಹೆಂಡಿರಲ್ಲಿ ಒಬ್ಬರಿಗೆ ಮಾತ್ರ. ಜಮೀನಿನ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸುವಂತಿಲ್ಲ. ಆಗಲೇ ಆರಂಭವಾದ ಘಟಕಕ್ಕೆ ಸಿಗುವುದಿಲ್ಲ. ‘ಮೊದಲು ಶುರು ಮಾಡಿಬಿಡೋಣ, ಸಬ್ಸಿಡಿ ಆಮೇಲೆ’ ಎಂದವರೆಲ್ಲ ಇಲ್ಲಿ ಅನರ್ಹರಾಗುತ್ತಾರೆ. ಈ ಯೋಜನೆಗೆ 2025–26ರವರೆಗೆಂದು ಒಪ್ಪಿಗೆ ದೊರೆತಿತ್ತಾದ್ದರಿಂದ ಅರ್ಜಿಗೆ ಮುನ್ನ ಈಗಿನ ಅವಧಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಿ.

ನಮ್ಮ ರೊಟ್ಟಿ ಘಟಕಕ್ಕೆ ಇದನ್ನು ಹೊಂದಿಸಿ ನೋಡಿದರೆ, 5 ಲಕ್ಷದಲ್ಲಿ ಸ್ವಂತ ಹಣ 25 ಸಾವಿರ, ಬ್ಯಾಂಕ್ ಮಂಜೂರು ಮಾಡುವುದು 4.75 ಲಕ್ಷ, ಸಹಾಯಧನ 1.75 ಲಕ್ಷ. ಈ 1.75 ಲಕ್ಷ ಅರ್ಜಿದಾರರ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲೇ ಅವರ ಹೆಸರಿನ ಠೇವಣಿಯಾಗಿ ಮೂರು ವರ್ಷ ಕುಳಿತು, ನಂತರ ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವಂತಿಲ್ಲ. ಉಳಿದ 3 ಲಕ್ಷಕ್ಕೆ ಶೇ 11ರ ಬಡ್ಡಿ, ಐದು ವರ್ಷ ಎಂದು ಹಿಡಿದರೆ ಕಂತು ಸುಮಾರು 6,520 ರೂಪಾಯಿ. ಎಡ ಕಾಲಂನ 17,000ದಲ್ಲಿ ಇದು ಸಲೀಸು. ಬಲ ಕಾಲಂನ 1,375ರಲ್ಲಿ ಅಸಾಧ್ಯ. ನೋಟ್‌ಬುಕ್ ಏಕೆ ಬೇಕಿತ್ತು ಎಂಬುದು ಇಲ್ಲಿ ತಿಳಿಯುತ್ತದೆ. ಈ ಘಟಕ ಸಾಲ ಕೇಳುವ ಮೊದಲು ಎರಡು ಖಾನಾವಳಿಗಳಿಂದಲೋ ಹಾಸ್ಟೆಲ್‌ನಿಂದಲೋ ದಿನನಿತ್ಯದ ಖರೀದಿಯ ಒಪ್ಪಿಗೆ ಪತ್ರ ಪಡೆಯಬೇಕು.

ಆಹಾರ ಸಂಸ್ಕರಣೆಗೆ. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ 35ಕ್ಕೆ ಕರ್ನಾಟಕ ಸರ್ಕಾರ ಶೇ 15 ಸೇರಿಸಿ, ಒಟ್ಟು ಶೇ 50ರಷ್ಟು, ಗರಿಷ್ಠ 15 ಲಕ್ಷ ರೂಪಾಯಿ ಸಹಾಯಧನ ನೀಡುತ್ತ ಬಂದಿದೆ. ಇದು ಎಲ್ಲ ವರ್ಗದವರಿಗೂ ಮುಕ್ತ; ಹಪ್ಪಳ, ಉಪ್ಪಿನಕಾಯಿ, ರೊಟ್ಟಿ, ಮಸಾಲೆ ಪುಡಿ ಮಾಡುವ ಮಹಿಳೆಯರು ಉದ್ಯೋಗಿನಿಯನ್ನೇ ನೆಚ್ಚಿಕೊಂಡು ಇದನ್ನು ಕೇಳುವುದನ್ನೇ ಮರೆಯುತ್ತಾರೆ. ನಡೆಯುತ್ತಿರುವ ಘಟಕವನ್ನು ಬೆಳೆಸಲೂ ಸಿಗುತ್ತದೆ, ಆದರೆ ಸ್ವಂತ ವಂತಿಕೆ ಶೇ 10 ಬೇಕು ಮತ್ತು ಸಹಾಯಧನ ಬಂಡವಾಳ ವೆಚ್ಚಕ್ಕೆ ಮಾತ್ರ, ದುಡಿಯುವ ಬಂಡವಾಳಕ್ಕಿಲ್ಲ. ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಯೋಜನಾ ವರದಿ ತಯಾರಿಸಿಕೊಡುತ್ತಾರೆ. ಅವರ ಸಂಭಾವನೆಯನ್ನು ಯೋಜನೆಯೇ ಭರಿಸುತ್ತದೆ, ಅರ್ಜಿದಾರರು ಏನೂ ಕೊಡಬೇಕಾಗಿಲ್ಲ. ಅವಧಿಯನ್ನು ಇಲ್ಲಿಯೂ ವಿಚಾರಿಸಿಕೊಳ್ಳಿ.

ಇನ್ನೂ ದೊಡ್ಡದಕ್ಕೆ. ರಾಜ್ಯ ಹಣಕಾಸು ಸಂಸ್ಥೆಯಲ್ಲಿ ಮಹಿಳಾ ಉದ್ಯಮಿಗಳಿಗೆ ನಿಗದಿತ ಮಿತಿಯೊಳಗಿನ ಸಾಲದ ಬಡ್ಡಿಯನ್ನು ಶೇ 4ಕ್ಕೆ ಇಳಿಸುವ ಸಹಾಯಧನವಿದೆ, ಆದರೆ ಅಲ್ಲಿ ಆಸ್ತಿಯ ಭದ್ರತೆ ಕೇಳುತ್ತಾರೆ. 10 ಲಕ್ಷದಿಂದ 1 ಕೋಟಿಯವರೆಗಿನ ‘ಸ್ಟ್ಯಾಂಡ್ ಅಪ್ ಇಂಡಿಯಾ’ವನ್ನು ಈಗಲೂ ಹಲವರು ಕೇಳುತ್ತಾರೆ, ಅದರ ಅವಧಿಯನ್ನು 2025ರವರೆಗೆ ಮಾತ್ರ ವಿಸ್ತರಿಸಲಾಗಿತ್ತು. ಹಳೆಯ ವಿಡಿಯೊ ನೋಡಿ ಬ್ಯಾಂಕಿಗೆ ಹೋಗಿ ಮುಜುಗರಪಡಬೇಡಿ.

## ಹಂತ 5: ಯೋಜನಾ ವರದಿ ನಿಮ್ಮ ಬಾಯಿಂದ ಬರುವಂತಿರಲಿ

ಸೈಬರ್ ಸೆಂಟರ್‌ನಲ್ಲಿ ಒಂದೇ ವರದಿಯ ಹೆಸರು ಬದಲಿಸಿ ಹತ್ತು ಜನರಿಗೆ ಕೊಡುತ್ತಾರೆ. ಹೊಲಿಗೆ ಘಟಕದ ವರದಿಯ ಐದನೇ ಪುಟದಲ್ಲಿ ‘ಹಿಟ್ಟಿನ ಗಿರಣಿ’ ಎಂಬ ಪದ ಉಳಿದುಬಿಟ್ಟರೆ ಉಳಿದ ಪುಟಗಳನ್ನು ಯಾರೂ ಓದುವುದಿಲ್ಲ. ವರದಿಯನ್ನು ಬೇರೆಯವರು ಟೈಪ್ ಮಾಡಲಿ, ಅಂಕಿಗಳು ನಿಮ್ಮ ನೋಟ್‌ಬುಕ್ಕಿನವೇ ಆಗಿರಲಿ.

ಯಂತ್ರಗಳ ದರಪಟ್ಟಿ ಜಿಎಸ್‌ಟಿ ಸಂಖ್ಯೆಯುಳ್ಳ ಮಾರಾಟಗಾರರಿಂದ, ಅರ್ಜಿದಾರರ ಹೆಸರಿಗೆ, ಇತ್ತೀಚಿನ ದಿನಾಂಕದಲ್ಲಿರಬೇಕು. ಸಹಾಯಧನ ಹೆಚ್ಚಿಸಿಕೊಳ್ಳಲು ದರವನ್ನು ಉಬ್ಬಿಸಿ ಬರೆಸುವ ಚಾಳಿಗೆ ಬೀಳಬೇಡಿ. ಬ್ಯಾಂಕು ಹಣವನ್ನು ನೇರವಾಗಿ ಮಾರಾಟಗಾರರಿಗೆ ಕೊಡುತ್ತದೆ, ಹೆಚ್ಚುವರಿ ಮೊತ್ತ ಅವರ ಬಳಿಯೇ ಸಿಕ್ಕಿಹಾಕಿಕೊಳ್ಳುತ್ತದೆ, ಬಡ್ಡಿ ಮಾತ್ರ ನಿಮ್ಮದು. ಸ್ಥಳ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಸಹಾಯಧನ ವಾಪಸು ಹೋಗುತ್ತದೆ.

ದುಡಿಯುವ ಬಂಡವಾಳಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಂದಾಜು ವಾರ್ಷಿಕ ವಹಿವಾಟಿನ ಶೇ 20ರ ಲೆಕ್ಕ ಹಿಡಿಯುತ್ತವೆ. ಆದ್ದರಿಂದ ವಹಿವಾಟನ್ನು ಕಡಿಮೆ ತೋರಿಸಿದರೆ ಮಿತಿಯೂ ಕಡಿಮೆಯಾಗುತ್ತದೆ, ಆಧಾರವಿಲ್ಲದೆ ಹೆಚ್ಚು ತೋರಿಸಿದರೆ ಪ್ರಶ್ನೆ ಏಳುತ್ತದೆ. ಕೆಲಸ ಹೊಸದಾಗಿದ್ದರೆ ಪ್ರತಿ ಜಿಲ್ಲೆಯ ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಪಡೆದು ಬನ್ನಿ. ಅದರ ಪ್ರಮಾಣಪತ್ರಕ್ಕೆ ಶಾಖೆಯಲ್ಲಿ ಬೆಲೆಯಿದೆ.

## ಹಂತ 6: ಅರ್ಜಿಗೆ ಮೊದಲು ಶಾಖೆಯಲ್ಲಿ ಮಾತನಾಡಿ

ಆನ್‌ಲೈನ್ ಅರ್ಜಿಯಲ್ಲಿ ಬ್ಯಾಂಕ್ ಶಾಖೆಯನ್ನು ಆರಿಸುವ ಜಾಗ ಬರುತ್ತದೆ. ಪಟ್ಟಿಯಲ್ಲಿ ಮೊದಲು ಕಂಡ ಶಾಖೆಯನ್ನು ಒತ್ತಿ ಮುಗಿಸುವುದು ಇಡೀ ಪ್ರಕ್ರಿಯೆಯ ಅತಿ ದುಬಾರಿ ತಪ್ಪು ಎಂದು ನನ್ನ ಅಭಿಪ್ರಾಯ. ನಿಮ್ಮ ಖಾತೆಯಿರುವ, ಘಟಕಕ್ಕೆ ಹತ್ತಿರದ ಶಾಖೆಗೆ ಮೊದಲೇ ಹೋಗಿ ಮೂರು ಪ್ರಶ್ನೆ ಕೇಳಿ: ಈ ಬಗೆಯ ಘಟಕಕ್ಕೆ ಈ ಶಾಖೆ ಸಾಲ ಕೊಟ್ಟಿದೆಯೇ, ನಮ್ಮ ಊರು ಈ ಶಾಖೆಯ ವ್ಯಾಪ್ತಿಗೆ ಬರುತ್ತದೆಯೇ, ಬೇರೆ ಯಾವ ಕಾಗದ ಬೇಕು. ತಿಂಗಳ ಮೊದಲ ವಾರ ಮತ್ತು ಮಾರ್ಚ್ ತಿಂಗಳನ್ನು ಬಿಟ್ಟು ಹೋಗಿ.

ಅಡಮಾನದ ಮಾತು ಬಂದರೆ ಗಾಬರಿಯಾಗಬೇಡಿ. ಸಣ್ಣ ಉದ್ಯಮಗಳಿಗೆ ಕನಿಷ್ಠ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದಕ್ಕೂ ಮೇಲಿನ ಮೊತ್ತಕ್ಕೆ ಸಾಲ ಖಾತರಿ ನಿಧಿಯ ರಕ್ಷಣೆಯಿದೆ, ಮಹಿಳೆಯರ ಉದ್ಯಮಗಳಿಗೆ ಆ ಖಾತರಿಯ ಪ್ರಮಾಣ ಶೇ 90ರವರೆಗೆ ಇದೆ. ಇದು ಬ್ಯಾಂಕಿಗೆ ಇರುವ ಖಾತರಿ. ಸಾಲಗಾರರ ಹೊಣೆ ಇದರಿಂದ ಕಿಂಚಿತ್ತೂ ಕಡಿಮೆಯಾಗುವುದಿಲ್ಲ.

## ಹಂತ 7: ಅರ್ಜಿ, ಸ್ವೀಕೃತಿ ಮತ್ತು ಬೆನ್ನುಹತ್ತುವಿಕೆ

ಅರ್ಜಿ ಸಲ್ಲಿಸಿದ ಕೂಡಲೇ ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಶಾಖೆಗೆ ಕೊಟ್ಟ ಕಾಗದಗಳಿಗೆ ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ಸ್ವೀಕೃತಿಯಿಲ್ಲದ ಅರ್ಜಿ ಎಷ್ಟು ದಿನ ಕಾದರೂ ದೂರಿಗೆ ಆಧಾರವಾಗುವುದಿಲ್ಲ. ಪೂರ್ಣ ಕಾಗದ ಕೊಟ್ಟ ಮೇಲೆ 25 ಲಕ್ಷದವರೆಗಿನ ಸಣ್ಣ ಉದ್ಯಮ ಸಾಲದ ಬಗ್ಗೆ 14 ಕೆಲಸದ ದಿನಗಳೊಳಗೆ ತೀರ್ಮಾನಿಸಬೇಕೆಂಬ ನಿಯಮವಿದೆ. ‘ಪೂರ್ಣ’ ಎಂಬ ಪದದಲ್ಲೇ ಗುಟ್ಟಿದೆ: ಒಂದು ಕಾಗದ ಕಡಿಮೆಯಿದ್ದರೆ ದಿನದ ಎಣಿಕೆ ಶುರುವಾಗುವುದೇ ಇಲ್ಲ. ವಾರಕ್ಕೊಮ್ಮೆ ಹೋಗಿ ‘ಏನು ಬಾಕಿಯಿದೆ’ ಎಂದು ಕೇಳಿ. ‘ಆಯಿತಾ’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವಷ್ಟೇ ಸಿಗುತ್ತದೆ.

## ಅಪಾಯದ ಸೂಚನೆಗಳು

ಸಾಲ ಮಂಜೂರಾಗಿದೆ, ಫೈಲ್ ಚಾರ್ಜ್ ಎಂದು ಎರಡು ಸಾವಿರ ಕಳಿಸಿ ಎಂಬ ಕರೆ, ಪ್ರಧಾನಿಯ ಚಿತ್ರವಿರುವ ಮಂಜೂರಾತಿ ಪತ್ರ ವಾಟ್ಸ್ಆ್ಯಪ್‌ನಲ್ಲಿ ಬರುವುದು, ಒಟಿಪಿ ಕೇಳುವುದು. ಇವೆಲ್ಲ ಮೋಸ. ಮುದ್ರಾ ಸಂಸ್ಥೆ ಜನರಿಗೆ ನೇರವಾಗಿ ಸಾಲ ಕೊಡುವುದಿಲ್ಲ, ಏಜೆಂಟರನ್ನೂ ಇಟ್ಟಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನೊಂದು ಬಗೆ ಊರೊಳಗೇ ಇರುತ್ತದೆ. ‘ಸಹಾಯಧನದಲ್ಲಿ ಅರ್ಧ ನನಗೆ, ಉಳಿದದ್ದೆಲ್ಲ ನಾನು ನೋಡಿಕೊಳ್ಳುತ್ತೇನೆ’ ಎನ್ನುವವರು, ಖಾಲಿ ಚೆಕ್ಕಿಗೆ ಸಹಿ ಕೇಳುವವರು, ಪಾಸ್‌ಬುಕ್ ಮತ್ತು ಎಟಿಎಂ ಕಾರ್ಡನ್ನು ತಮ್ಮ ಬಳಿ ಇಟ್ಟುಕೊಳ್ಳುವವರು. ಇಂಥವರಿಂದ ದೂರವಿರಿ. ಸ್ವಂತ ವಂತಿಕೆಯ ಹಣವನ್ನು ಮೈಕ್ರೋಫೈನಾನ್ಸ್ ಸಾಲದಿಂದ ತುಂಬುವುದೂ ಅಪಾಯವೇ. ಮೊದಲ ಮಾರಾಟಕ್ಕೆ ಮುಂಚೆಯೇ ವಾರದ ಕಂತು ಶುರುವಾಗುತ್ತದೆ.

## ಹಂತ 8: ತಿರಸ್ಕಾರವಾದರೆ

ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ತಿಳಿಸುವುದು ಬ್ಯಾಂಕಿನ ಹೊಣೆ. ಕಾರಣ ಕ್ರೆಡಿಟ್ ವರದಿಯಾದರೆ ಎರಡನೇ ಹಂತಕ್ಕೆ, ಲಾಭದಾಯಕತೆಯಾದರೆ ಮೊದಲನೆಯದಕ್ಕೆ, ವ್ಯಾಪ್ತಿಯಾದರೆ ಆರನೆಯದಕ್ಕೆ ಮರಳಬೇಕು. ಅದನ್ನು ಸರಿಪಡಿಸದೆ ನಾಲ್ಕು ಬ್ಯಾಂಕುಗಳಿಗೆ ಒಟ್ಟಿಗೆ ಅರ್ಜಿ ಹಾಕಿದರೆ ಪ್ರತಿ ವಿಚಾರಣೆಯೂ ವರದಿಯಲ್ಲಿ ದಾಖಲಾಗಿ ಐದನೇ ಬ್ಯಾಂಕು ಅನುಮಾನದಿಂದ ನೋಡುತ್ತದೆ.

ಕಾರಣವೇ ಇಲ್ಲದೆ ಅಲೆದಾಡಿಸುತ್ತಿದ್ದರೆ ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಸಂಯೋಜಿಸುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ, ಜೊತೆಗೆ ಅದೇ ಬ್ಯಾಂಕಿನ ದೂರು ವಿಭಾಗಕ್ಕೆ ಬರೆದು ಕೊಡಿ. ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು, ಮಾಹಿತಿಗೆ 14448. ಆದರೆ ಸಾಲ ಕೊಡುವಂತೆ ಒತ್ತಾಯಿಸುವ ವೇದಿಕೆ ಇದಲ್ಲ. ಸೇವೆಯಲ್ಲಿನ ಲೋಪ, ವಿಳಂಬ, ಕಾರಣ ತಿಳಿಸದಿರುವುದು ದೂರಿಗೆ ತಕ್ಕ ವಿಷಯಗಳು.

## ಹಂತ 9: ಮಂಜೂರಾತಿಯಿಂದ ಸಹಾಯಧನ ಜಮೆಯಾಗುವವರೆಗೆ

ಮಂಜೂರಾತಿ ಪತ್ರದಲ್ಲಿ ಬಡ್ಡಿ ದರ, ಕಂತು ಆರಂಭವಾಗುವ ತಿಂಗಳು, ವಿಮೆ, ಶುಲ್ಕ ಈ ನಾಲ್ಕನ್ನು ಸಹಿಗೆ ಮುನ್ನ ಓದಿಸಿಕೊಳ್ಳಿ. ಸಾಲದ ಜೊತೆಗೆ ಜೀವ ವಿಮೆಯನ್ನು ಕಡ್ಡಾಯವೆಂದು ಹೇಳಿ ಹೊರಿಸಿದರೆ ಯಾವ ನಿಯಮದಡಿ ಎಂದು ಕೇಳಿ. ಯಂತ್ರ ಮತ್ತು ಸರಕಿನ ವಿಮೆ ಬೇರೆ ವಿಷಯ, ಅದು ಬೇಕೇಬೇಕು.

ಪಿಎಂಇಜಿಪಿಯಲ್ಲಿ ಉದ್ಯಮಶೀಲತಾ ತರಬೇತಿಯನ್ನು ಮುಗಿಸದಿದ್ದರೆ ಸಹಾಯಧನದ ಬೇಡಿಕೆ ಮುಂದೆ ಹೋಗುವುದಿಲ್ಲ. ಸಾಲದ ಹಣದ ಮೊದಲ ಕಂತು ಬಿಡುಗಡೆಯಾದ ಮೇಲೆ ಬ್ಯಾಂಕು ಆ ಬೇಡಿಕೆಯನ್ನು ಸಲ್ಲಿಸಬೇಕು. ಸಲ್ಲಿಸಿದೆಯೇ ಎಂದು ನೀವೇ ವಿಚಾರಿಸಬೇಕು, ಏಕೆಂದರೆ ಶಾಖೆಯಲ್ಲಿ ಅಧಿಕಾರಿ ವರ್ಗವಾದರೆ ಈ ಕೆಲಸ ಸುಲಭವಾಗಿ ಬಿಟ್ಟುಹೋಗುತ್ತದೆ. ಯಂತ್ರಗಳ ಬಿಲ್ಲು, ಅವು ಕೆಲಸ ಮಾಡುತ್ತಿರುವ ಚಿತ್ರ, ಘಟಕದ ನಾಮಫಲಕ, ಮಾರಾಟದ ರಸೀದಿಗಳು ಸ್ಥಳ ಪರಿಶೀಲನೆಗೆ ಸಿದ್ಧವಾಗಿರಲಿ. ಘಟಕ ಮುಚ್ಚಿದ್ದರೆ ಅಥವಾ ಯಂತ್ರ ಮಾರಿದ್ದರೆ ಸಹಾಯಧನ ಕೈತಪ್ಪುತ್ತದೆ.

ಮಾರಾಟದ ಹಣವೆಲ್ಲ ಸಾಲವಿರುವ ಬ್ಯಾಂಕಿನ ಖಾತೆಯ ಮೂಲಕವೇ ಹಾದುಹೋಗಲಿ. ಆರು ತಿಂಗಳಿಗೊಮ್ಮೆ ಸಾಲದ ಖಾತೆಯ ಪ್ರತಿ ತೆಗೆಸಿ, ಠೇವಣಿಯಲ್ಲಿರುವ ಸಹಾಯಧನದಷ್ಟು ಮೊತ್ತಕ್ಕೆ ಬಡ್ಡಿ ಹಾಕಿಲ್ಲವೆಂಬುದನ್ನು ನೋಡಿ. ಹಾಕಿದ್ದರೆ ಲಿಖಿತವಾಗಿ ಮರುಜಮೆ ಕೇಳಿ. ಠೇವಣಿಯ ದಿನಾಂಕದಿಂದ ಮೂರು ವರ್ಷ ತುಂಬುವ ತಿಂಗಳನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೇ ಬರೆದಿಡಿ. ಆ ತಿಂಗಳು ಶಾಖೆಗೆ ಹೋಗಿ ಹೊಂದಾಣಿಕೆಗೆ ಅರ್ಜಿ ಕೊಟ್ಟು, ಮೊತ್ತ ಜಮೆಯಾದ ಸಾಲನ್ನು ಖಾತೆಯ ಪ್ರತಿಯಲ್ಲಿ ಕಣ್ಣಾರೆ ಕಂಡ ನಂತರವೇ ಕಡತವನ್ನು ಕಪಾಟಿಗೆ ಇಡಿ.